ಗೋಬರ್ ಗ್ಯಾಸ್ ಗುಂಡಿಗೆ ನಾಲ್ಕು ಗುಂಟೆ ನೇಪಿಯರ್

ಕಲಬುರಗಿ ಜಿಲ್ಲೆಯ ನಮ್ಮ ಕಮಲಾಪುರ ಕಡೆ ಯಾವ ಊರಿಗೆ ಹೋದರೂ ಸುಮ್ನೆ ಬಿದ್ದಿರುವ ಗೋಬರ್ ಗ್ಯಾಸ್ ಗುಂಡಿ ಒಂದೆರಡು ಸಿಗುತ್ತವೆ. ಅದರ ಮೇಲೆ ಕುಳ್ಳು ಒಣಗಲು ಹಾಕಿರುತ್ತಾರೆ. ಗುಂಡಿ ಒಡೆದಿದೆಯಾ ಅಂತ ಕೇಳಿದರೆ ಇಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಕೊಟ್ಟಿಗೆ ಖಾಲಿಯಾಯಿತು, ಸೆಗಣಿ ಸಾಲದಾಯಿತು. 2 ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ನಮ್ಮ ಮನೆಯಲ್ಲಿ ಎರಡು ಎಮ್ಮೆ, ಒಂದು ಆಕಳು. ಮೇಯಲು ಬಿಟ್ಟಾಗ ಅಡವಿ ಪಾಲಾಗುವುದನ್ನು ಬಿಟ್ಟರೆ ಕೈಗೆ ಸಿಗುವುದು 25 ಕಿಲೋ. ಅಂದರೆ ಬೆಳಗಿನ ಚಹಾ, ಮಧ್ಯಾಹ್ನದ ಬೇಳೆ ಆಗುವಷ್ಟರಲ್ಲಿ ಗ್ಯಾಸ್ ಮುಗಿಯುತ್ತದೆ.

ಉಳಿದ ಅರ್ಧವನ್ನು ನೇಪಿಯರ್ ಅನ್ನುವ ಮೇವಿನ ಹುಲ್ಲಿನಿಂದ ತುಂಬಿಸಬಹುದು. ಅದು ಹೇಗೆ ಅನ್ನುವುದೇ ಈ ಬರಹ.

ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರ್ ತಂದವರು ತಂತಿ ಸುತ್ತುವವರೆಗೆ ಹೊಲದ ಮಾತು ಆಡುತ್ತಾ ಕೂರುತ್ತಾರೆ. ಈಚೆಗೆ ಜಾಸ್ತಿ ಬರುವ ಪ್ರಶ್ನೆ ಇದು: "ಅಣ್ಣಾ, ನೇಪಿಯರ್ ಹಚ್ಚಿದ್ರ ಗ್ಯಾಸ್ ಕಂಪನಿಯವ್ರು ಒಯ್ತಾರಂತ, ಹತ್ತು ಎಕರೆ ಹಚ್ಚಲೇನು?" ಹತ್ತು ಎಕರೆ ಬೇಡ, ಮೊದಲು ನಾಲ್ಕು ಗುಂಟೆ ಹಚ್ಚು ಅಂತಲೇ ನಾನು ಹೇಳುವುದು. ಯಾಕೆ ಅಂದರೆ ಹಸಿ ಹುಲ್ಲಿನಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು. ಒಂದು ಟನ್ ಹುಲ್ಲು ಲಾರಿಗೆ ತುಂಬಿದಿರಿ ಅಂದರೆ ಎಂಟು ಕ್ವಿಂಟಲ್ ನೀರಿಗೆ ಡೀಸೆಲ್ ಸುಟ್ಟಹಾಗೆ. ಶಕ್ತಿಗಾಗಿ ಬೆಳೆದ ಹುಲ್ಲು ದೂರ ಹೋಗಬಾರದು. ಹೊಲದಿಂದ ಗುಂಡಿಗೆ ತಲೆಹೊರೆಯಲ್ಲಿ ಹೋಗುವಷ್ಟು ಹತ್ತಿರ ಇದ್ದರೆ ಲೆಕ್ಕ ಸರಿ ಬರುತ್ತದೆ.

ಯಾವ ಹುಲ್ಲು

ಅಮೆರಿಕದಲ್ಲಿ ಸ್ವಿಚ್‌ಗ್ರಾಸ್, ಯುರೋಪಿನಲ್ಲಿ ಮಿಸ್ಕ್ಯಾಂಥಸ್ ಅಂತ ಬಹುವಾರ್ಷಿಕ ಹುಲ್ಲುಗಳಿವೆ. ಚಳಿಗಾಲ ಬಂದಾಗ ಅವು ನಿಂತಲ್ಲೇ ಒಣಗುತ್ತವೆ, ಸಾರವೆಲ್ಲ ಬೇರಿಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಒಣ ಹುಲ್ಲು ಕೊಯ್ದು ಬಾಯ್ಲರ್‌ನಲ್ಲಿ ಸುಡುತ್ತಾರೆ. ನಮ್ಮ ಕಲಬುರಗಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಇಲ್ಲಿ ಹುಲ್ಲು ನೀರು ಕೊಟ್ಟಷ್ಟು ದಿನ ಹಸಿಯಾಗಿಯೇ ಇರುತ್ತದೆ. ಹಾಗಾಗಿ ನಮಗೆ ಹುಲ್ಲು ಸುಡಲು ಅಲ್ಲ, ಕೊಳೆಸಿ ಗ್ಯಾಸ್ ಮಾಡಲು. ಸುಡಲು ಬೇಕಾದರೆ ನಮ್ಮಲ್ಲಿ ತೊಗರಿ ಕಟಿಗೆ ರಾಶಿರಾಶಿ ಇದೆಯಲ್ವಾ. ಪೆಲೆಟ್ ಮಾಡಲು, ಒಲೆಗೆ ಹಾಕಲು ಅದು ಹುಲ್ಲಿಗಿಂತ ಎಷ್ಟೋ ವಾಸಿ. ಹುಲ್ಲಿನ ಬೂದಿಯಲ್ಲಿ ಪೊಟ್ಯಾಷ್, ಸಿಲಿಕಾ ಜಾಸ್ತಿ. ಜೋರು ಬೆಂಕಿಗೆ ಅದು ಕರಗಿ ಬಾಯ್ಲರಿನಲ್ಲಿ ಕಿಟ್ಟ ಕಟ್ಟುತ್ತದೆ. ರಾಶಿ ಮುಗಿದ ಮೇಲೆ ಹೊಲದಲ್ಲೇ ತೊಗರಿ ಕಟಿಗೆಗೆ ಬೆಂಕಿ ಇಡುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅದು ಬೇರೆ ಕಥೆ.

ಗ್ಯಾಸಿಗೆ ಹೈಬ್ರಿಡ್ ನೇಪಿಯರ್. ಸಜ್ಜೆ ಮತ್ತು ನೇಪಿಯರ್ ಕೂಡಿಸಿ ಮಾಡಿದ ತಳಿ. ಇದು ಬೀಜ ಕಟ್ಟುವುದಿಲ್ಲ, ಕಾಂಡದಿಂದಲೇ ಹಚ್ಚಬೇಕು. ಪಕ್ಕದವರ ಹೊಲಕ್ಕೆ ಉದುರಿ ಕಳೆಯಾಗುವ ಭಯವೂ ಇಲ್ಲ. ಯಾರಾದರೂ "ನೇಪಿಯರ್ ಬೀಜ" ಅಂತ ಪಾಕೀಟು ತಂದರೆ ಹಾಗೇ ವಾಪಸ್ ಕಳಿಸಿ. ಕೊಯಮತ್ತೂರು ಕೃಷಿ ವಿಶ್ವವಿದ್ಯಾಲಯದ ಕೋ-4, ಕೋ-5 ತಳಿಗಳು ನಮ್ಮಲ್ಲಿ ಓಡಾಡುತ್ತಿವೆ. ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ಇದೆ, ನನ್ನ ಹೊಲದಲ್ಲಿರುವುದು ಅದೇ. ಸೂಪರ್ ನೇಪಿಯರ್ ಅಂತ ಮಾರುವುದು ಥಾಯ್ಲೆಂಡಿನ ಪಾಕ್‌ಚಾಂಗ್ ತಳಿ. ಎತ್ತರ ಬೆಳೆಯುತ್ತದೆ ನಿಜ, ಆದರೆ ಕಾಂಡ ದಪ್ಪ, ಸಣ್ಣ ಮಷಿನ್ ಅದನ್ನು ಕತ್ತರಿಸುವಾಗ ಒದ್ದಾಡುತ್ತದೆ. ಮನೆಯ ಗುಂಡಿಗೆ ತಳಿಗಿಂತ ಕೊಯ್ಲಿನ ವಯಸ್ಸೇ ಮುಖ್ಯ. ತಳಿ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಜಾಗ ಮತ್ತು ನೀರು

ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 750 ಮಿಲಿಮೀಟರ್. ಅಷ್ಟರಲ್ಲಿ ತೊಗರಿ ಬರುತ್ತದೆ, ಜೋಳ ಬರುತ್ತದೆ. ನೇಪಿಯರ್‌ಗೆ ಸಾಲದು, ಅದು ಕಬ್ಬಿನ ಹಾಗೆ ನೀರು ಕೇಳುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಹಚ್ಚಿದರೆ ಬೇಸಿಗೆಯಲ್ಲಿ ಸಾಯುವುದಿಲ್ಲ, ಮುದುಡಿ ಕೂರುತ್ತದೆ, ಮಿರಗದ (ಮೃಗಶಿರಾ) ಮಳೆಗೆ ಮತ್ತೆ ಚಿಗುರುತ್ತದೆ. ಆದರೆ ಗುಂಡಿಗೆ ದಿನಾ ತಿಂಡಿ ಬೇಕಲ್ಲ.

ಇದಕ್ಕಾಗಿಯೇ ಹೊಸ ಬೋರ್ ಕೊರೆಸುವವರಿಗೆ ಕೈ ಮುಗಿದು ಹೇಳುತ್ತೇನೆ, ಬೇಡ. ಅರ್ಧ ಇಂಚು ನೀರಿಗೆ ಏಳೂವರೆ ಎಚ್‌ಪಿ ಮೋಟರ್ ಇಳಿಸಿ, ಒಣ ಓಡಿಸಿ, ಸುಟ್ಟು ನನ್ನ ಅಂಗಡಿಗೆ ತರುತ್ತಾರೆ. ನನಗೆ ವ್ಯಾಪಾರ, ನಿಮಗೆ ಲುಕ್ಸಾನು. ಈಗಾಗಲೇ ಹರಿದು ಹೋಗುತ್ತಿರುವ ನೀರಿನ ಹತ್ತಿರ ಹುಲ್ಲು ಹಚ್ಚಿ. ಕೊಟ್ಟಿಗೆ ತೊಳೆದ ನೀರು, ಬಚ್ಚಲ ನೀರು, ಬಾಳೆ ತೋಟದ ಅಂಚು, ನೀರಿನ ಟ್ಯಾಂಕಿನ ಕೆಳಗಿನ ಜಾಗ. ಊರಿನ ಶುದ್ಧ ನೀರಿನ ಘಟಕದಿಂದ ಚರಂಡಿಗೆ ಬಿಡುವ ನೀರು ಕೂಡ ಕೆಲವರು ಬಿಡುತ್ತಾರೆ. ಅದರಲ್ಲಿ ಉಪ್ಪು ಜಾಸ್ತಿ, ನಮ್ಮ ಎರಿ (ಕಪ್ಪು) ಮಣ್ಣಿನಲ್ಲಿ ಅದು ಕೂತುಬಿಡುತ್ತದೆ. ಬೇರೆ ನೀರು ಬೆರೆಸದೆ ಅದೊಂದನ್ನೇ ಬಿಡಬೇಡಿ.

ಗುಂಡಿಯಿಂದ ಐವತ್ತು ಹೆಜ್ಜೆಯೊಳಗೆ ಜಾಗ ಸಿಕ್ಕರೆ ಅದೇ ಚಿನ್ನ. ತೊಗರಿ ಸಾಲಿಗೆ ಅಂಟಿಸಿ ಹಚ್ಚಬೇಡಿ, ಐದಾರು ಅಡಿ ಬಿಡಿ. ನೇಪಿಯರ್ ಬೇರು ಪಕ್ಕದ ಸಾಲಿನ ನೀರನ್ನೂ ಕುಡಿಯುತ್ತದೆ. ಶಹಾಪುರ, ಸುರಪುರ ಕಾಲುವೆ ಸೀಮೆಯ ಜವಳು ಹೊಲದಲ್ಲಿ ನೀರು ನಿಂತರೆ ಇದು ಕೊಳೆಯುತ್ತದೆ. ಅಲ್ಲಿಗೆ ಪ್ಯಾರಾ ಹುಲ್ಲು ಒಳ್ಳೆಯದು.

ಹಚ್ಚುವುದು

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಸಾಲಿನಿಂದ ಸಾಲಿಗೆ ಮೂರು ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ. ಹೀಗೆ ಹಚ್ಚಿದರೆ ಗುಂಟೆಗೆ ಸುಮಾರು 180 ಬುಡ. ಬುಡಕ್ಕೆ ಎರಡು ತುಂಡು ಇಟ್ಟರೆ ಒಂದು ಸತ್ತರೂ ಇನ್ನೊಂದು ಹಿಡಿಯುತ್ತದೆ. ಮೊದಲು ರೆಂಟೆ ಹೊಡೆದು, ಕುಂಟಿ ಹಾಯಿಸಿ, ಗುಂಟೆಗೆ ಅರ್ಧ ಬಂಡಿಗೆ ಕಡಿಮೆ ಇಲ್ಲದಂತೆ ತಿಪ್ಪೆ ಗೊಬ್ಬರ ಹಾಕಿ.

ತುಂಡು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಮೂರು ತಿಂಗಳಾದರೂ ಬಲಿತ ಕಾಂಡ ಬೇಕು. ತುದಿಯ ಎಳೆಯ ಭಾಗ ಬಿಟ್ಟುಬಿಡಿ, ಅದು ಮಣ್ಣಲ್ಲಿ ಕರಗುತ್ತದೆ. ಕಾಂಡವನ್ನು ಕೈಯಲ್ಲಿ ಹಿಡಿದು ಒಣಗಿದ ರವದಿ ಸುಲಿದರೆ ಗೆಣ್ಣಿನ ಹತ್ತಿರ ಕಣ್ಣು ಕಾಣಿಸುತ್ತದೆ. ಕಡಲೆ ಮೊಳಕೆಯಷ್ಟು ಚಿಕ್ಕದು, ತಿಳಿ ಹಸಿರು, ತುದಿ ಸ್ವಲ್ಪ ಚೂಪು. ಕಣ್ಣು ಕಪ್ಪಾಗಿದ್ದರೆ, ಹುಳ ಕೊರೆದಿದ್ದರೆ ಆ ತುಂಡು ಬೇಡ. ಎರಡು ಅಥವಾ ಮೂರು ಕಣ್ಣು ಬರುವಂತೆ, ಕಣ್ಣಿಗಿಂತ ಎರಡು ಬೆರಳು ಬಿಟ್ಟು ಕತ್ತರಿಸಿ. ಕುಡಗೋಲು ಹರಿತ ಇರಲಿ, ಜಜ್ಜಿದ ತುಂಡು ಕೊಳೆಯುತ್ತದೆ. ಓರೆಯಾಗಿ ನೆಡಿ. ಒಂದು ಕಣ್ಣು ಮಣ್ಣಿನ ಒಳಗೆ, ಒಂದು ಮೇಲೆ. ಕಣ್ಣಿನ ಚೂಪು ಮೇಲ್ಮುಖ ಇರಬೇಕು. ತಲೆಕೆಳಗಾಗಿ ನೆಟ್ಟರೂ ಕೆಲವು ಹುಟ್ಟುತ್ತವೆ, ಆದರೆ ತಡ.

ಎರಿ ಹೊಲದಲ್ಲಿ ಬೋದಿನ ಪಕ್ಕೆಗೆ ನೆಡಿ. ಸಾಲಿನ ತಳದಲ್ಲಿ ನೆಟ್ಟರೆ ಜೋರು ಮಳೆಗೆ ನೀರು ನಿಂತು ಹಾಳಾಗುತ್ತದೆ. ಬೀದರ್ ಕಡೆಯ ಕೆಂಪು ಮಣ್ಣಿನಲ್ಲಿ ಉಲ್ಟಾ, ಅಲ್ಲಿ ನೀರು ಬಸಿದು ಹೋಗುತ್ತದೆ, ಸಾಲಿನ ತಳವೇ ಸರಿ. ಮಿರಗ, ಆರಿದ್ರಾ ಮಳೆ ಒಳ್ಳೆಯ ಹೊತ್ತು. ನೀರಿದ್ದರೆ ಫೆಬ್ರುವರಿಯಲ್ಲೂ ಹಚ್ಚಬಹುದು. ನೆಟ್ಟ ದಿನ ಒಂದು ನೀರು, ಮೂರನೆಯ ದಿನ ಇನ್ನೊಂದು. ಆಮೇಲೆ ಎಂಟು ಹತ್ತು ದಿನಕ್ಕೊಮ್ಮೆ. ಬಿಸಿಲು 42 ಡಿಗ್ರಿ ದಾಟಿದಾಗ ಐದಾರು ದಿನಕ್ಕೊಮ್ಮೆ. ಮೊದಲ ತಿಂಗಳು ಕಳೆ ತೆಗೆಯಿರಿ, ಒಮ್ಮೆ ಎಡೆ ಹೊಡೆಯಿರಿ. ಎರಡನೆಯ ಕೊಯ್ಲಿನ ನಂತರ ಕಳೆಗೆ ಬಿಸಿಲೇ ಸಿಗುವುದಿಲ್ಲ.

ಕೊಯ್ಲು

ಮೊದಲ ಕೊಯ್ಲು 75 ದಿನಕ್ಕೆ. ಆಮೇಲೆ ದನಕ್ಕಾದರೆ 40-45 ದಿನ, ಗುಂಡಿಗಾದರೆ 55-60 ದಿನ. ಅದಕ್ಕಿಂತ ಎಳೆಯದು ಬರೀ ನೀರು. ಅದಕ್ಕಿಂತ ಬಲಿತರೆ ಕಾಂಡ ಕಟ್ಟಿಗೆಯಾಗುತ್ತದೆ, ಗುಂಡಿಯ ಸೂಕ್ಷ್ಮಜೀವಿಗಳಿಗೆ ಕಟ್ಟಿಗೆ ಜೀರ್ಣ ಆಗುವುದಿಲ್ಲ. ನೆಲದಿಂದ ನಾಲ್ಕೈದು ಬೆರಳು ಬಿಟ್ಟು ಕೊಯ್ಯಿರಿ. ಒಮ್ಮೆಗೇ ಪೂರ್ತಿ ಬೋಳಿಸಬೇಡಿ. ನಾಲ್ಕು ಗುಂಟೆಯನ್ನು ಪಟ್ಟಿ ಪಟ್ಟಿ ಮಾಡಿಕೊಂಡು ದಿನಾ ಒಂದಿಷ್ಟು. ಕೊನೆಯ ಪಟ್ಟಿಗೆ ಬರುವಷ್ಟರಲ್ಲಿ ಮೊದಲನೆಯದು ತಯಾರಾಗಿರುತ್ತದೆ.

ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಎಲೆಯ ಅಂಚು ಗರಗಸ, ಬುಡದ ರೋಮ ಕುತ್ತಿಗೆಗೆ ತಾಗಿದರೆ ರಾತ್ರಿಯೆಲ್ಲ ತುರಿಕೆ. ಹುಲ್ಲು ದಟ್ಟ ಇದ್ದ ಕಡೆ ಇಲಿ ಸೇರುತ್ತದೆ, ಇಲಿ ಹಿಂದೆ ಹಾವು. ಬೂಟು ಹಾಕಿಕೊಂಡು ಅಂಚಿನಿಂದ ಒಳಗೆ ಕೊಯ್ಯುತ್ತಾ ಹೋಗಿ, ಒಂದು ಕಡೆ ತೆರೆದಿರಲಿ, ಹಾವು ತಾನಾಗಿ ಹೋಗುತ್ತದೆ.

ಇಳುವರಿ ಬಗ್ಗೆ ಕಾಂಡ ಮಾರುವವರು ಹೇಳುವ ಎಕರೆಗೆ ಇನ್ನೂರು ಟನ್ ಮಾತು ನಂಬಬೇಡಿ. ನೀರು, ಗೊಬ್ಬರ ಎಲ್ಲ ಸರಿಯಾಗಿ ಸಿಕ್ಕ ಸಂಶೋಧನಾ ಹೊಲದಲ್ಲಿ ಕೋ-4 ವರ್ಷಕ್ಕೆ ಎಕರೆಗೆ 150 ಟನ್ ಕೊಟ್ಟಿದೆ. ನಮ್ಮ ಬೇಸಿಗೆಯಲ್ಲಿ 60-70 ಟನ್ ಅಂತ ಹಿಡಿದು ಲೆಕ್ಕ ಮಾಡಿ. ಅಂದರೆ ಗುಂಟೆಗೆ ಒಂದೂವರೆ ಟನ್, ನಾಲ್ಕು ಗುಂಟೆಗೆ ಆರು ಟನ್. ಗುಂಡಿಗೆ ದಿನಕ್ಕೆ 12 ಕಿಲೋ ಹಾಕಿದರೆ ವರ್ಷಕ್ಕೆ ನಾಲ್ಕೂವರೆ ಟನ್ ಹತ್ತಿರ. ಉಳಿದದ್ದು ಎಮ್ಮೆಗೆ. ಎಮ್ಮೆಗೆ ಹಾಕುವಾಗ ಎಳೆ ಹುಲ್ಲು ಒಂದನ್ನೇ ಹಾಕದೆ ಜೋಳದ ಕಣಕಿ ಬೆರೆಸಿ.

ಗುಂಡಿಗೆ ಹಾಕುವುದು

ಇಲ್ಲೇ ಜನ ಎಡವುವುದು. ಹುಲ್ಲನ್ನು ಕುಡಗೋಲಲ್ಲಿ ಗೇಣುದ್ದ ಕೊಚ್ಚಿ ಸುರಿದರೆ ಅದು ಒಳಗೆ ತೇಲುತ್ತದೆ. ತೇಲಿ ತೇಲಿ ದಪ್ಪ ಕೆನೆ ಕಟ್ಟುತ್ತದೆ, ಕೆಳಗಿನ ಗ್ಯಾಸ್ ಮೇಲೆ ಬರುವುದೇ ಇಲ್ಲ. ಮೇವು ಕತ್ತರಿಸುವ ಮಷಿನ್ನಿನಲ್ಲಿ ಬೆರಳಿನ ಉಗುರಿಗಿಂತ ಸಣ್ಣಗೆ ಕತ್ತರಿಸಿ. ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಸಾಕು. ಬ್ಲೇಡು ವಾರಕ್ಕೊಮ್ಮೆ ಮಸೆಯಿರಿ. ಮೊಂಡ ಬ್ಲೇಡಿಗೆ ಲೋಡ್ ಜಾಸ್ತಿ, ವೈಂಡಿಂಗ್ ಕಾಯುತ್ತದೆ.

ಕತ್ತರಿಸಿದ ಹುಲ್ಲನ್ನು ನೇರ ಹಾಕುವುದಕ್ಕಿಂತ ಒಂದು ಹಳೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆನೆಹಾಕಿ. ನೀರಿನ ಬದಲು ಗುಂಡಿಯಿಂದ ಹೊರಬಂದ ಸ್ಲರಿ ಹಾಕಿ. ಎರಡು ಮೂರು ದಿನದಲ್ಲಿ ಹುಲ್ಲಿನ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೈಯಲ್ಲಿ ಹಿಚುಕಿದರೆ ನಾರು ಬಿಡಿಬಿಡಿಯಾಗುತ್ತದೆ, ಹುಳಿ ವಾಸನೆ ಬರುತ್ತದೆ. ಆಗ ಸೆಗಣಿ ಜೊತೆ ಕಲಸಿ ಒಳಗೆ ಬಿಡಿ. ಇನ್ನು ಮೊದಲಿನಷ್ಟು ತೇಲುವುದಿಲ್ಲ, ಹೆಚ್ಚಿನದು ಮುಳುಗುತ್ತದೆ.

ಸುಮ್ನೆ ಬಿದ್ದಿದ್ದ ಗುಂಡಿಗೆ ಮೊದಲ ದಿನವೇ ಹುಲ್ಲು ಬೇಡ. ಮೊದಲು ಸೆಗಣಿ ತುಂಬಿ. ಪಕ್ಕದ ಊರಿನಲ್ಲಿ ಓಡುತ್ತಿರುವ ಗುಂಡಿಯಿಂದ ನಾಲ್ಕೈದು ಕೊಡ ಸ್ಲರಿ ತಂದು ಹೆಪ್ಪು ಹಾಕಿದರೆ ಬೇಗ ಎದ್ದೇಳುತ್ತದೆ. ಒಂದು ತಿಂಗಳು ಉರಿ ಸರಿಯಾಗಿ ನಿಂತ ಮೇಲೆ ದಿನಕ್ಕೆ ಎರಡು ಕಿಲೋ ಹುಲ್ಲು. ವಾರಕ್ಕೊಮ್ಮೆ ಎರಡೆರಡು ಕಿಲೋ ಏರಿಸುತ್ತಾ 12ಕ್ಕೆ ನಿಲ್ಲಿಸಿ. ಸೆಗಣಿ ಪೂರ್ತಿ ಬಿಟ್ಟು ಹುಲ್ಲು ಮಾತ್ರ ಹಾಕುತ್ತೇನೆ ಅಂದರೆ ಗುಂಡಿ ಹುಳಿಯಾಗುತ್ತದೆ. ಹುಳಿಯಾದದ್ದು ಗೊತ್ತಾಗುವುದು ಒಲೆಯಲ್ಲಿ. ನೀಲಿ ಉರಿ ಸಣ್ಣಗಾಗಿ, ಬರ್ನರ್ ಬಿಟ್ಟು ಮೇಲೆ ಹಾರಿ, ಪುಸ್ ಅಂತ ಆರಿಹೋಗುತ್ತದೆ. ಗ್ಯಾಸ್ ಇದೆ, ಆದರೆ ಅದರಲ್ಲಿ ಮೀಥೇನ್ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಆಗ ವಾರ ಹತ್ತು ದಿನ ಹುಲ್ಲು ನಿಲ್ಲಿಸಿ. ಬರೀ ಸೆಗಣಿ ಹಾಕಿ, ಸ್ವಲ್ಪ ಸುಣ್ಣದ ತಿಳಿ ಬಿಡಿ. ಗಾಬರಿ ಬೇಡ, ತಿರುಗಿ ಬರುತ್ತದೆ.

ಗುಂಡಿಯ ಮಾದರಿಯೂ ನೋಡಬೇಕು. ಕಬ್ಬಿಣದ ಡ್ರಮ್ ತೇಲುವ ಹಳೆಯ ಮಾದರಿ ಹುಲ್ಲಿಗೆ ಒಳ್ಳೆಯದು. ದಿನಾ ಡ್ರಮ್ಮನ್ನು ಕೈಯಿಂದ ಅತ್ತಿತ್ತ ತಿರುಗಿಸಿದರೆ ಕೆನೆ ಒಡೆಯುತ್ತದೆ. ದೀನಬಂಧು ಮಾದರಿಯಲ್ಲಿ ಗುಮ್ಮಟ ನೆಲದೊಳಗೆ ಇರುತ್ತದೆ, ಕೆನೆ ಒಡೆಯಲು ದಾರಿ ಇಲ್ಲ. ಅಂಥದ್ದಕ್ಕೆ 12 ಕಿಲೋ ಬೇಡ, ಆರಕ್ಕೆ ನಿಲ್ಲಿಸಿ.

ಲೆಕ್ಕ ಹೀಗಿದೆ. ಒಂದು ಕಿಲೋ ಸೆಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಸರಿಯಾದ ವಯಸ್ಸಿನ ಹಸಿ ನೇಪಿಯರ್ ಚೆನ್ನಾಗಿ ಕೊಳೆತರೆ ಅದರ ಎರಡರಷ್ಟು ಹತ್ತಿರ. ಹಾಗಾಗಿ 25 ಕಿಲೋ ಸೆಗಣಿಯಿಂದ ಒಂದು ಘನ ಮೀಟರ್, 12 ಕಿಲೋ ಹುಲ್ಲಿನಿಂದ ಇನ್ನೊಂದು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕಿಲೋ ಎಲ್‌ಪಿಜಿಗೆ ಸಮ. ತಿಂಗಳಿಗೆ ಹುಲ್ಲಿನ ಪಾಲು 13 ಕಿಲೋ ಹತ್ತಿರ ಆಯಿತು. ಸಿಲಿಂಡರಿನಲ್ಲಿ ಇರುವುದು 14.2 ಕಿಲೋ. ಚಳಿಗಾಲದಲ್ಲಿ ಇಷ್ಟು ಬರುವುದಿಲ್ಲ. ಡಿಸೆಂಬರಿನಲ್ಲಿ, ಅದರಲ್ಲೂ ಬೀದರ್ ಕಡೆ, ಗುಂಡಿ ತಣ್ಣಗಾಗುತ್ತದೆ. ಗುಂಡಿ ಸುತ್ತ ತೊಗರಿ ಹೊಟ್ಟು ಹರಡಿ, ಬಿಸಿಲಲ್ಲಿ ಕಾದ ನೀರಿನಲ್ಲಿ ಕಲಸಿ.

ಎಲ್‌ಪಿಜಿ ಒಲೆಗೆ ಇದು ಸರಿಯಾಗಿ ಉರಿಯುವುದಿಲ್ಲ, ಗೋಬರ್ ಗ್ಯಾಸ್ ಒಲೆಯೇ ಬೇಕು. ಅದರ ರಂಧ್ರ ದೊಡ್ಡದು. ಪೈಪಿನಲ್ಲಿ ನೀರು ಕೂರುತ್ತದೆ, ತಗ್ಗಿನ ಜಾಗದಲ್ಲಿ ನೀರು ಬಿಡುವ ಕಾಕ್ ಇರಲಿ. ಸೋರಿಕೆ ನೋಡಲು ಸಾಬೂನು ನೀರು ಹಚ್ಚಿ, ಕಡ್ಡಿ ಗೀರಬೇಡಿ. ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ: ಎಷ್ಟೇ ಹಳೆಯ ಗುಂಡಿ ಇರಲಿ, ಖಾಲಿ ಅನಿಸಲಿ, ಸ್ವಚ್ಛ ಮಾಡಲು ಒಳಗೆ ಇಳಿಯಬೇಡಿ. ಒಳಗಿನ ಗಾಳಿಗೆ ಜೀವ ಹೋಗುತ್ತದೆ, ಎತ್ತಲು ಇಳಿದವನದೂ ಹೋಗುತ್ತದೆ.

ಸ್ಲರಿ, ಮತ್ತು ಕಂಪನಿ ಕೇಳಿ ಬಂದರೆ

ಗ್ಯಾಸಾಗಿ ಹೋಗುವುದು ಮುಖ್ಯವಾಗಿ ಇಂಗಾಲ, ಜಲಜನಕ ಮತ್ತು ಆಮ್ಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಹೆಚ್ಚುಕಡಿಮೆ ಎಲ್ಲ ಸ್ಲರಿಯಲ್ಲೇ ಉಳಿಯುತ್ತವೆ. ಅದನ್ನು ಪ್ರತಿ ಕೊಯ್ಲಿನ ನಂತರ ಅದೇ ಹುಲ್ಲಿನ ಬುಡಕ್ಕೆ ಬಿಟ್ಟರೆ ಯೂರಿಯಾ ಚೀಲ ಹೊರುವ ಕೆಲಸ ಇಲ್ಲ. ನಮ್ಮ ಅವ್ವ ಉಳಿದ ಸ್ಲರಿಯನ್ನು ಬದನೆಕಾಯಿ ಮಡಿಗೆ ಹಾಕುತ್ತಾಳೆ, ಹುಲ್ಲಿಗೆ ಕೊಡಲು ಬಿಡುವುದೇ ಇಲ್ಲ.

ಈಗ ಹತ್ತು ಎಕರೆ ಪ್ರಶ್ನೆಗೆ ಬರೋಣ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 'ಸತತ್' ಯೋಜನೆ ತಂದಿತು. ಗ್ಯಾಸನ್ನು ಶುದ್ಧ ಮಾಡಿ ಒತ್ತಿ ತುಂಬಿದ ಸಿಬಿಜಿಯನ್ನು ತೈಲ ಕಂಪನಿಗಳು ಕೊಳ್ಳುತ್ತವೆ. ಅಂಥ ಘಟಕಗಳಿಗೆ ನೇಪಿಯರ್ ಬೇಕು, ಸುಳ್ಳಲ್ಲ. ಆದರೆ ಹಲವು ಊರುಗಳಲ್ಲಿ ಏಜೆಂಟರು ಮೊದಲು ಬಂದು ಕಾಂಡ ಮಾರಿ ಹೋಗುತ್ತಾರೆ, ಘಟಕ ಆಮೇಲೆ ಅಂತಾರೆ. ಹಾಗೆ ಬಂದವರನ್ನು ಚಹಾ ಕೊಟ್ಟು ಕೂರಿಸಿ ಕೇಳಿ. ಘಟಕ ಎಲ್ಲಿ, ಓಡುತ್ತಿದೆಯಾ, ಹೋಗಿ ನೋಡಬಹುದಾ? ಇಪ್ಪತ್ತು ಕಿಲೋಮೀಟರ್ ಒಳಗಿದೆಯಾ? ಕೊಯ್ಲು, ಸಾಗಣೆ ಯಾರ ಖರ್ಚು? ತೂಕ ಹೊಲದಲ್ಲೋ, ಅವರ ಗೇಟಿನಲ್ಲೋ? ಬಿಸಿಲಲ್ಲಿ ಅರ್ಧ ದಿನ ನಿಂತರೆ ಹುಲ್ಲಿನ ತೂಕ ಇಳಿಯುತ್ತದೆ, ಈ ಪ್ರಶ್ನೆಗೆ ಉತ್ತರ ಬರಹದಲ್ಲಿ ಇರಲಿ. ಕೊನೆಗೆ, ಸ್ಲರಿ ನಮ್ಮ ಹೊಲಕ್ಕೆ ವಾಪಸ್ ಬರುತ್ತದೆಯಾ? ಬರದಿದ್ದರೆ ಪ್ರತಿ ಲಾರಿಯ ಜೊತೆ ನಿಮ್ಮ ಮಣ್ಣಿನ ಪೊಟ್ಯಾಷ್ ಹೋಗುತ್ತಿದೆ, ಅದರ ಬೆಲೆ ಸೇರಿಸಿ ರೇಟು ಕೇಳಿ. ಇಷ್ಟಕ್ಕೂ ಸರಿಯಾದ ಉತ್ತರ ಸಿಕ್ಕರೆ, ನೀರೂ ಇದ್ದರೆ, ಒಂದು ಎಕರೆ ಕೊಡಿ. ತೊಗರಿ ಹೊಲ ಮುಟ್ಟಬೇಡಿ.

ಹಚ್ಚಲು ಕಾಂಡ ಬೇಕಾದರೆ ಮೊದಲು ನಿಮ್ಮ ತಾಲೂಕಿನ ಪಶು ಆಸ್ಪತ್ರೆಯಲ್ಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಬೀದರಿನವರಿಗೆ ಪಶುವೈದ್ಯಕೀಯ ವಿಶ್ವವಿದ್ಯಾಲಯ ಊರಲ್ಲೇ ಇದೆ. ಇಲ್ಲವೇ ಈಗಾಗಲೇ ಹಚ್ಚಿದವರನ್ನು ಕೇಳಿ. ನಾಲ್ಕೈದು ವರ್ಷಕ್ಕೆ ಬುಡ ಗಡ್ಡೆಕಟ್ಟಿ ಇಳುವರಿ ಇಳಿಯುತ್ತದೆ, ಆಗ ಕಿತ್ತು ಸೀಳಿ ಹೊಸದಾಗಿ ಹಚ್ಚುವಾಗ ಬೇಕಾದಷ್ಟು ಉಳಿಯುತ್ತದೆ, ಪುಕ್ಕಟೆ ಕೊಡುತ್ತಾರೆ. ಹೋಗುವಾಗ ನೆನೆಸಿದ ಗೋಣಿಚೀಲ ಒಯ್ಯಿರಿ. ಕಾಂಡ ಅದರಲ್ಲಿ ಸುತ್ತಿ ನೆರಳಲ್ಲಿ ಇಟ್ಟು ಎರಡು ಮೂರು ದಿನದೊಳಗೆ ನೆಟ್ಟುಬಿಡಿ. ಟಂಟಂ ಮೇಲೆ ಬಿಸಿಲಲ್ಲಿ ಹೇರಿಕೊಂಡು ಬಂದರೆ ಕಣ್ಣು ಬಾಡುತ್ತದೆ.